ಸಾಸಿಗೆ ಎರಡು ಚಮಚ

ಬಿಸಿ ಬೆಣ್ಣೆ-ಸಕ್ಕರೆಗೆ ವಿಸ್ಕಿ ಬಿದ್ದ ವಾಸನೆ ಎಲ್ಲಿ ಬಂದರೂ, ಬರ್ ದುಬೈಯ ನಮ್ಮ ಇಕ್ಕಟ್ಟಾದ ಅಡುಗೆಮನೆ ಈಗಲೂ ಕಣ್ಣಮುಂದೆ ಬರುತ್ತದೆ.

ಮಮ್ಮಿ ನರ್ಸ್ ಆಗಿದ್ದ ಆಸ್ಪತ್ರೆಯ ಐರಿಶ್ ಮೇಟ್ರನ್ ತಮ್ಮೂರಿನ ಕ್ರಿಸ್ಮಸ್ ಪುಡ್ಡಿಂಗ್ ಮಾಡಲು ಕಲಿಸಿ, ಅದರ ಮೇಲೆ ಸುರಿಯುವ ಬೆಣ್ಣೆ-ಸಕ್ಕರೆಯ ಸಾಸಿಗೆಂದು ಕೆಮ್ಮಿನ ಔಷಧದ ಬಾಟಲಿಯಲ್ಲಿ ವಿಸ್ಕಿಯನ್ನೂ ಕೊಟ್ಟಿದ್ದರು. ಪಪ್ಪಾ ಕುಡಿತ ಬಿಟ್ಟ ಮೇಲಿನ ಮೊದಲ ಕ್ರಿಸ್ಮಸ್ ಅದು. ಒಣದ್ರಾಕ್ಷಿ ತುಂಬಿದ ಹಿಟ್ಟು ಇಡ್ಲಿ ಪಾತ್ರೆಯೊಳಗೆ ಬೇಯುತ್ತಿತ್ತು. ನೀರು ಬತ್ತಿದರೆ ಸದ್ದು ನಿಂತು ಗೊತ್ತಾಗಲೆಂದು ತಳಕ್ಕೆ ಹಾಕಿದ್ದ ದಿರ್ಹಮ್ ನಾಣ್ಯ ಟಕಟಕನೆ ಕುಣಿಯುತ್ತಿತ್ತು. ಮಮ್ಮಿ ಕ್ರೀಮ್ ತರಲು ಕೆಳಗಿನ ಗ್ರೋಸರಿಗೆ ಹೊರಟವರು ಬಾಟಲಿಯನ್ನು ನನ್ನ ಕೈಗಿಟ್ಟರು.

"ಸಾಸ್ ಕುದಿ ಬಂದಾಗ ಎರಡೇ ಚಮಚ ಹಾಕು. ಬಾಟ್ಲಿ ಯಾರಿಗೂ ಕೊಡ್ಬೇಡ."

ಪಪ್ಪಾ ಬಾಲ್ಕನಿಗೆ ಹೋದರು, ಬಂದರು, ಮತ್ತೆ ಹೋದರು. ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿದರು. "ಯಾರಿಗೂ ಅಂದ್ರೆ ನಂಗೇ ಮಾರಾಯ್ತಿ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ನಾನು ಬಾಟಲಿಯನ್ನು ಫ್ರಾಕಿನ ಅಂಚಿನಲ್ಲಿ ಸುತ್ತಿ ಹಿಡಿದುಕೊಂಡೆ.

ಸಾಸ್ ಕುದಿಯಿತು. ಎರಡು ಚಮಚ ಅಳೆದು ಹಾಕಿದೆ.

"ಪೂರ್ತಿ ಸುರಿ," ಎಂದರು ಪಪ್ಪಾ, ಬಾಗಿಲಿನಿಂದ ಒಳಗೆ ಬಾರದೆ.

"ಎರಡೇ ಅಂತ ಮಮ್ಮಿ ಹೇಳಿದ್ದಾರೆ."

"ಉಳಿದದ್ದನ್ನು ಎಲ್ಲಿ ಇಡ್ತಿ? ಯಲ್ಲಾ, ಬೇಗ ಸುರಿ ಮಗಾ."

ಸುರಿದೆ.

ಮಮ್ಮಿ ಬಂದು ಖಾಲಿ ಬಾಟಲಿಯನ್ನು ನೋಡಿದರು, ಆಮೇಲೆ ಪಪ್ಪಾನ ಮುಖವನ್ನು. ಸಾಸನ್ನು ಚಮಚ ತುಂಬ ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಅಷ್ಟು ಸಂತೋಷದಿಂದ ಕೆಮ್ಮಿದವರನ್ನು ನಾನು ಮತ್ತೆಂದೂ ನೋಡಿಲ್ಲ.