ಹಕ್ಕಿಯ ಚೀಟಿ

ಥೆಲ್ಮಾ ಉಡುಗೊರೆಯ ಪೊಟ್ಟಣ ಬಿಚ್ಚಲೇ ಇಲ್ಲ. ಅದಕ್ಕೆ ಕಟ್ಟಿದ್ದ ಹೆಸರಿನ ಚೀಟಿಯನ್ನು ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು, ಆಮೇಲೆ ಮೇಜಿನ ಮೇಲಿಟ್ಟು, "ಇದು ನನ್ನ ಹಕ್ಕಿ" ಅಂದಳು.

ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಹಳ್ಳಿಯಲ್ಲಿ, ಚರ್ಚಿನ ಪಕ್ಕದ ಸಭಾಂಗಣದಲ್ಲಿ, ಬುಧವಾರದ ಕಾರ್ಡು ಮಾಡುವ ಗುಂಪು ಆ ವರ್ಷಕ್ಕೆ ಕೊನೆಯ ಸಲ ಸೇರಿತ್ತು. ಕೈಯಾರೆ ಮಾಡಿದ ಕ್ರಿಸ್‌ಮಸ್ ಕಾರ್ಡುಗಳೆಲ್ಲ ಅಂಚೆಗೆ ಹೋಗಿಯಾಗಿತ್ತು. ರಿಬ್ಬನ್ನುಗಳು ಬಣ್ಣದ ಪ್ರಕಾರ ಜಾಮಿನ ಸೀಸೆಗಳಿಗೆ, ರಬ್ಬರ್ ಅಚ್ಚುಗಳು ಬಿಸ್ಕತ್ತಿನ ಡಬ್ಬಿಗಳಿಗೆ, ಬೆರಳಗಲದ ಕಾಗದದ ಚೂರು ಕೂಡ ಬಿಡದೆ ಶೂ ಪೆಟ್ಟಿಗೆಗೆ ಸೇರಿ, ಬೀರು ತುಂಬಿತ್ತು. ಇನ್ನುಳಿದದ್ದು ಒಬ್ಬರಿಗೊಬ್ಬರು ಚಿಕ್ಕ ಉಡುಗೊರೆ ಕೊಡುವ ಕೆಲಸ. ಥೆಲ್ಮಾಳಿಗೆ ಆ ಪೊಟ್ಟಣ ಕೊಟ್ಟವಳು ಐರಿಸ್. ಊರಿಗೆ ಹೊಸಬಳು, ಗುಂಪಿಗೆ ಇನ್ನೂ ಹೊಸಬಳು. ಮೂರು ತಿಂಗಳಿಂದ ಬಾಗಿಲ ಬಳಿ ಮಡಚುವ ಕುರ್ಚಿಯಲ್ಲಿ ಕೂತು, ದೊಡ್ಡ ಮೇಜಿಗೆ ಯಾವಾಗ ಕರೆದಾರೋ ಎಂದು ಕಾಯುತ್ತಿದ್ದಳು. ಕರೆಯಬೇಕಾದವಳು ಥೆಲ್ಮಾ.

ಹಬ್ಬ ಮುಗಿದ ಮೇಲೆ, ಬಂದ ಕಾರ್ಡುಗಳನ್ನು ಹಲ್ಲುಹಲ್ಲಿನ ಕತ್ತರಿಯಿಂದ ಕತ್ತರಿಸಿ ಮುಂದಿನ ವರ್ಷಕ್ಕೆ ಹೆಸರಿನ ಚೀಟಿ ಮಾಡಿಟ್ಟುಕೊಳ್ಳುವುದು ಆ ಊರಿನಲ್ಲಿ ಎಲ್ಲರ ಮನೆಯ ಪದ್ಧತಿ. ಕತ್ತರಿಸುವ ಮೊದಲು ಹಿಂಬದಿಗೆ ಪೆನ್ಸಿಲಿನಲ್ಲಿ ಕಳಿಸಿದವರ ಹೆಸರು ಬರೆದಿಡಬೇಕು. ಇಲ್ಲದಿದ್ದರೆ ಅವರ ಕಾರ್ಡು ತಿರುಗಿ ಅವರಿಗೇ ಹೋಗಿ ಮಾನ ಹರಾಜಾಗುತ್ತದೆ. ಐರಿಸ್ ಬರೆದಿಟ್ಟಿರಲಿಲ್ಲ. ಹಿಂದಿನ ದಿನ ಚೀಟಿಗಳ ಡಬ್ಬಿ ಸುರುವಿಕೊಂಡು, ಇದ್ದದ್ದರಲ್ಲಿ ಚಂದದ್ದು ಥೆಲ್ಮಾಳಿಗಿರಲಿ ಎಂದು ಹುಡುಕಿ ಹುಡುಕಿ ಆರಿಸಿದ್ದಳು, ಪಾಪ.

"ಅಯ್ಯೋ, ಕತ್ತರಿ ಹಾಕಿದ್ದೀಯೇನೇ?" ಎಂದು ಆಲಿವ್ ಚೀಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಆಲಿವ್ ಥೆಲ್ಮಾಳ ಮೂವತ್ತು ವರ್ಷದ ಗೆಳತಿ. ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಎತ್ತಿದ ಕೈ. "ಅಂಗಡಿ ಕಾರ್ಡಿಗೆ ಹಾಕು ಕತ್ತರಿ, ಯಾರು ಬೇಡ ಅಂದ್ರು? ಕೈಯಲ್ಲಿ ಮಾಡಿದ್ದನ್ನ ಯಾರಾದ್ರೂ ಕತ್ತರಿಸ್ತಾರಾ? ಎತ್ತಿಟ್ಕೋತಾರೆ ಕಣೇ!"

ಐರಿಸ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ನಂಗೆ ಗೊತ್ತಾಗ್ಲಿಲ್ಲ, ಥೆಲ್ಮಾ. ಜನವರೀಲಿ ಕತ್ತರಿಸಿದ್ದು. ಆಗ ನಿಮ್ಮನ್ನ ಬೀದೀಲಿ ನೋಡಿದ್ದೆ, ಅಷ್ಟೇ. ಬಿಸಾಡೋಕೆ ಮನಸ್ಸೇ ಬರ್ಲಿಲ್ಲ, ಅದಕ್ಕೇ ಹಿಂಗೆ ಮಾಡ್ದೆ."

ಥೆಲ್ಮಾ ಆಲಿವಳ ಕೈಯಿಂದ ಚೀಟಿಯನ್ನು ಕಿತ್ತುಕೊಂಡಳು. ಸಣ್ಣ ಸಣ್ಣ ಕಾಗದದ ಸುರುಳಿ ಅಂಟಿಸಿ ಮಾಡಿದ ಕೆಂಪೆದೆಯ ರಾಬಿನ್ ಹಕ್ಕಿ. ಒಂದು ಸುರುಳಿಯೂ ಬಿಚ್ಚಿರಲಿಲ್ಲ.

"ಈ ರೆಕ್ಕೆ ಒಂದಕ್ಕೇ ನಲವತ್ತು ಸುರುಳಿ" ಅಂದಳು ಥೆಲ್ಮಾ. "ಒಂದೊಂದು ಕಾರ್ಡಿಗೂ ಎರಡೆರಡು ಸಂಜೆ. ಎಡಗಡೆ ಹಕ್ಕಿ, ಬಲಗಡೆ ಅಂಚೆ ಡಬ್ಬಿ. ಹೋದ ವರ್ಷ ಇಂಥವು ಹನ್ನೆರಡು ಮಾಡಿ ಹನ್ನೆರಡು ಮನೆಗೆ ಕಳಿಸ್ದೆ. ಹನ್ನೊಂದು ನಿಮಗೆಲ್ಲ, ಒಂದು ಊರಿಗೆ ಆಗ ತಾನೇ ಬಂದಿದ್ದ ಇವಳಿಗೆ."

ಪೆನ್ಸಿಲ್ ಗುರುತು ಮರೆತ ಒಬ್ಬಳ ಜೊತೆ ಥೆಲ್ಮಾ ಎರಡು ಚಳಿಗಾಲ ಮಾತು ಬಿಟ್ಟಿದ್ದು ಎಲ್ಲರಿಗೂ ನೆನಪಿತ್ತು. ಐರಿಸ್ ಮೆಲ್ಲಗೆ ತನ್ನ ಕೋಟಿಗೆ ಕೈಚಾಚಿದಳು.

"ಎಲ್ಲಿಗೆ ಹೊರಟೆ? ಕೂತ್ಕೋ" ಎಂದು ಥೆಲ್ಮಾ ಗದರಿದಳು. "ಹನ್ನೆರಡು ಹಕ್ಕಿ ಹಾರಿಬಿಟ್ಟೆ. ಒಂದಾದ್ರೂ ಮತ್ತೆ ಕಣ್ಣಿಗೆ ಬಿದ್ದಿತ್ತಾ? ಇವತ್ತೇ ಮೊದಲು. ಅರ್ಧ ಆದ್ರೇನಂತೆ, ವರ್ಷ ಪೂರ್ತಿ ಇಟ್ಕೊಂಡಿದ್ದಾಳೆ. ಏಯ್ ಹುಡುಗಿ, ಆ ಕುರ್ಚಿ ಎಳ್ಕೊಂಡು ಇಲ್ಲಿ ಬಾ, ನನ್ನ ಪಕ್ಕಕ್ಕೆ."

ಐವತ್ತೆರಡು ವರ್ಷದ ಹುಡುಗಿ ಕುರ್ಚಿ ಎಳೆದುಕೊಂಡು ಬಂದಳು. ಖುಷಿಗೆ ಅವಳ ಕಿವಿಯೆಲ್ಲ ಕೆಂಪಾಗಿತ್ತು. ಯಾರೋ ಚಹಾ ಬಗ್ಗಿಸಿ ಕೊಟ್ಟರು, ಯಾರೋ ಒಣಹಣ್ಣು ತುಂಬಿದ ಮಿನ್ಸ್ ಪೈಯ ತಟ್ಟೆ ಮುಂದೆ ಸರಿಸಿದರು.

"ನಾನು ಕಳಿಸಿದ್ದನ್ನ ನೀನು ಎತ್ತಿಟ್ಕೊಂಡಿದ್ದೀಯಲ್ಲ, ಆಲಿವ್?" ಥೆಲ್ಮಾ ಕೇಳಿದಳು.

"ಇಲ್ದೆ ಮತ್ತೆ? ಜೋಪಾನವಾಗಿದೆ."

"ಹಂಗಾದ್ರೆ ನಾಳೆ ಚಹಾಕ್ಕೆ ನಿಮ್ಮನೆಗೇ ಬರ್ತೀನಿ, ತೋರಿಸುವೆಯಂತೆ."

ಆಲಿವ್ ಬಾಯಿಗೊಯ್ದಿದ್ದ ಮಿನ್ಸ್ ಪೈಯನ್ನು ತಿರುಗಿ ತಟ್ಟೆಯಲ್ಲಿಟ್ಟಳು. ಉಳಿದ ಹತ್ತು ಮನೆಯವರು ಆ ಕಡೆ ನೋಡುವ ಗೋಜಿಗೇ ಹೋಗದೆ, ಆಗಲೇ ಒಪ್ಪ ಮಾಡಿಟ್ಟಿದ್ದ ಬೀರುವನ್ನು ಮತ್ತೊಮ್ಮೆ ಒಪ್ಪ ಮಾಡತೊಡಗಿದರು.

ಐರಿಸ್ ಕಪ್ಪು ತೊಳೆಯಲು ಎದ್ದಾಗ ಆಲಿವ್ ಒರೆಸುವ ಬಟ್ಟೆ ಹಿಡಿದು ಹಿಂದೆಯೇ ಬಂದಳು. ಮೂರು ತಿಂಗಳಲ್ಲಿ ಅವಳು ಐರಿಸ್ ಪಕ್ಕ ಬಂದು ನಿಂತದ್ದು ಅದೇ ಮೊದಲು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ, ದನಿ ತಗ್ಗಿಸಿ ಕೇಳಿದಳು:

"ನಮ್ಮಮ್ಮ ಅಲ್ವಾ, ಆ ಅಂಚೆ ಡಬ್ಬಿ ಇರೋ ಅರ್ಧ ನಿನ್ನ ಹತ್ರಾನೇ ಇದೆಯಲ್ಲ? ಒಂದೇ ಒಂದು ದಿನಕ್ಕೆ ಕೊಡೇ. ಹಕ್ಕಿ ಎಲ್ಲಿ ಅಂದ್ರೆ ನಮ್ಮನೆ ಬೆಕ್ಕಿನ ಮೇಲೆ ಹಾಕ್ತೀನಿ."