ಚಪ್ಪಾಳೆ ಇಲ್ಲದ ಹಾಡುಗಾರ್ತಿ

“ಕುಕ್ಕರ್ ಕೂಡ ಇಲ್ಲಮ್ಮ,” ಎಂದ ಕೋದಂಡಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಸುಮಿತಾ ಕೆಳತುಟಿ ಕಚ್ಚಿದಳು. ನಗು ತಡೆಯಲು ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ. ಹೆಂಡತಿಯನ್ನು ನೆನೆದು ಅಳುವ ಗಂಡಸರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕುಕ್ಕರನ್ನು ನೆನೆದು ಅತ್ತವರು ಇವರೇ ಮೊದಲು. ಬಂದ ನೆಂಟರು ಯಾರೋ ಹೊತ್ತುಕೊಂಡು ಹೋಗಿರಬೇಕು, ಪಾಪ.

ನಗು ಅವಳ ಹುಟ್ಟುಗುಣ. ಮಾಡುವ ಕೆಲಸಕ್ಕೆ ಅದು ಚೂರೂ ಹೊಂದುತ್ತಿರಲಿಲ್ಲ. ಏಕೆಂದರೆ ಸುಮಿತಾ ಸಾವಿನ ಮನೆಗಳಲ್ಲಿ ಹಾಡುವವಳು.

ಬೆಳೆದದ್ದು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ. ಗೋಡೆಯ ಆಚೆ ತಮಿಳು, ಈಚೆ ತೆಲುಗು, ಮನೆಯೊಳಗೆ ಕನ್ನಡ. ಯಾವುದರಲ್ಲಿ ಕೇಳಿದರೂ ಹಾಡುತ್ತಿದ್ದಳು. ಹಾಡು ಕಟ್ಟುವ ಹುಚ್ಚು ಹೈಸ್ಕೂಲಿನಲ್ಲೇ ಹತ್ತಿತ್ತು. ಈಗ ಹೊಟ್ಟೆಪಾಡಿಗೆ ಬೆಂಗಳೂರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುವಾಗ ಕಿಟಕಿ ಸೀಟಿನ ಜಗಳದ ಮೇಲೂ ಒಂದು ಹಾಡು ಕಟ್ಟಿದ್ದಳು. ಹೆಂಗಸರ ಬೋಗಿಯಲ್ಲಿ ಅದನ್ನು ಕೇಳಿದವರು ನಿದ್ದೆ ಮಾಡಲು ಬಿಡು ಎಂದು ಬೈದರು.

ಕರೆದು ಹಾಡಿಸಿದವನು ಬಂಗಾರಪೇಟೆಯ ಮೈಕ್‌ಸೆಟ್ ಚಲಪತಿ ಒಬ್ಬನೇ. ಸಾವಿಗೆ ಅವನ ಬಳಿ ಎರಡೇ ಧಾಟಿ, ಗಂಡಸರಿಗೊಂದು, ಹೆಂಗಸರಿಗೊಂದು. ನಡುನಡುವೆ ಸತ್ತವರ ಹೆಸರು, ಮಕ್ಕಳ ಹೆಸರು ತುಂಬಿದರೆ ಹಾಡು ತಯಾರು.

“ಎಸ್ರು ಕೇಳು, ಊರು ಕೇಳು. ಎಂಗಾಯ್ತು, ಏನಾಯ್ತು ಅಂತ ಮಾತ್ರ ಬಾಯಿ ಬಿಡ್ಬೇಡ. ನಮ್ ಕೆಲಸದ ಮರ್ಯಾದೆ ಅದು,” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ.

ಸುಮಿತಾ ಚೆನ್ನಾಗಿ ಹಾಡಿದಷ್ಟೂ ಜನ ಜೋರಾಗಿ ಅಳುತ್ತಿದ್ದರು. ಅವಳ ಸಂಕಟವೂ ಅದೇ. ಸಾವಿನ ಮನೆಯಲ್ಲಿ ಯಾರು ಚಪ್ಪಾಳೆ ತಟ್ಟುತ್ತಾರೆ? ತಾನೇ ಬರೆದು, ತಾನೇ ರಾಗ ಹಾಕಿದ ಹಾಡೊಂದಕ್ಕೆ ಬದುಕಿನಲ್ಲಿ ಒಮ್ಮೆ ಚಪ್ಪಾಳೆ ಬೀಳಬೇಕು. ಆ ಆಸೆಗೆ ಅವಳು ಒಳಗೊಳಗೇ ಒದ್ದಾಡುತ್ತಿದ್ದಳು.

ಊರಿಗಾಂನ ಈ ಮನೆಗೆ ಅವಳನ್ನು ಕರೆಸಿಕೊಂಡವರು ಕೋದಂಡಪ್ಪನವರೇ. ಗಣಿ ಮುಚ್ಚಿದ ಮೇಲೆ ಗಾರೆ ಕೆಲಸ ಮಾಡಿ ಸಂಸಾರ ಸಾಕಿದವರು. ಈಗ ಅಡುಗೆಮನೆಯ ಹೊಸ್ತಿಲಲ್ಲಿ ಒಬ್ಬರೇ ಕೂತಿದ್ದರು.

“ಮುನೀಂದ್ರನ ಮಣ್ಣಿಗೆ ಓಗಿದ್ದಾಗ ನೀನು ಪದ ಯೋಳಿದ್ದು ಕೇಳ್ದೆ. ಅವತ್ತೇ ಅನ್ಕೊಂಡೆ, ನಮ್ ನರಸಮ್ಮಂಗೂ ನಿನ್ ಕೈಲೇ ಯೋಳಿಸ್ಬೇಕು ಅಂತ. ಆದ್ರೆ ಆ ಧಾಟಿ ಬೇಡ. ಒಸದು ಕಟ್ಟು. ಅವಳ್ನ ಬಿಟ್ರೆ ಇನ್ಯಾರಿಗೂ ಅದು ಒಪ್ಪಬಾರ್ದು.”

ಸುಮಿತಾಳ ಎದೆ ಢವಗುಟ್ಟಿತು. ಹೊಸದು! ದುಃಖದ ಮನೆಯಲ್ಲಿ ಕೂತು ಇಷ್ಟು ಖುಷಿಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

“ಅಜ್ಜಿ ಎಂಥೋರು ತಾತ?”

“ಕೋಪ ಬಂದ್ರೆ ಪಾತ್ರೆ ಕುಟ್ಟೋಳು. ನಕ್ರೆ ಬೀದಿಗೆಲ್ಲ ಕೇಳ್ಸೋದು.” ಕೋದಂಡಪ್ಪ ಗಂಟಲು ಸರಿಮಾಡಿಕೊಂಡರು. “ಮೊಮ್ಮಗೀನ ನಾಮಕರಣದ ದಿನ, ನೆಂಟರ ಮುಂದೆ, ನಿಮ್ಮಕ್ಕನ ಸಾರಿನ್ ಮುಂದೆ ನಿಂದ್ಯಾವ್ ಸಾರು ಅಂದ್ಬಿಟ್ಟೆ. ಅವ್ಳು ಒಂದ್ ಮಾತೂ ಆಡ್ಲಿಲ್ಲ. ಬೆಳಗ್ಗೆ ಎದ್ದು ನೋಡ್ತೀನಿ…”

ಮತ್ತೆ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಏನಾಯ್ತೆಂದು ಚಲಪತಿಯ ಶಿಷ್ಯೆ ಕೇಳಲಿಲ್ಲ.

“ತಪ್ಪಾಯ್ತು ಅಂತ ಸೇರಿಸ್ತೀಯೇನಮ್ಮ? ನಂಗೆ ಅದು ಬಾಯಲ್ಲಿ ಬರಲ್ಲ.”

“ಸೇರಿಸ್ತೀನಿ. ಕೊನೇಲಿ, ಎದ್ದು ಬಾ ನರಸಮ್ಮ ಅಂತ ಕರೀತೀನಿ.”

ಕೋದಂಡಪ್ಪನವರ ಮುಖ ಅರಳಿತು. “ಅಷ್ಟೇ ಬೇಕಾಗಿರೋದು. ಭಾನುವಾರ ಸಾಯಂಕಾಲ ಬಂಗಾರಪೇಟೆಗೆ ಬಾ, ಅವಳ ಅಕ್ಕನ ಮನೆ ತಾವ.”

ಕಾರ್ಯ ಅಲ್ಲಿಟ್ಟುಕೊಂಡಿರಬೇಕು ಎಂದುಕೊಂಡಳು ಸುಮಿತಾ.

ಆ ವಾರವೆಲ್ಲ ರೈಲಿನಲ್ಲಿ ಅವಳ ತುಟಿ ಅಲುಗುತ್ತಲೇ ಇತ್ತು. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ತಾನು ನೋಡದ ಹೆಂಗಸೊಬ್ಬಳು ಹಾಡಿನ ಸಾಲುಸಾಲಿನಲ್ಲಿ ಪಾತ್ರೆ ಕುಟ್ಟಿಕೊಂಡು ಓಡಾಡತೊಡಗಿದಳು. ಸುಮಿತಾ ಮೊದಲ ಸಲ ತನ್ನ ನಗುವನ್ನು ತಡೆಯಲಿಲ್ಲ, ಹಾಡಿನೊಳಗೇ ಬಿಟ್ಟುಬಿಟ್ಟಳು. ಹಾಡು ಮೊದಲು ನಗಿಸಿತು, ಆಮೇಲೆ ಅಳಿಸಿತು. ನಿದ್ದೆ ಹಾಳಾಯಿತೆಂದು ಬೈದಿದ್ದ ಹೆಂಗಸರೇ ಈ ಸಲ ಕಣ್ಣು ಒರೆಸಿಕೊಂಡರು.

ಭಾನುವಾರ ಚಲಪತಿ ಆಟೋದಿಂದ ಸ್ಪೀಕರ್ ಇಳಿಸಿ ಸುತ್ತ ನೋಡಿದ. ಮಹಡಿ ಮನೆಯ ಮುಂದೆ ಶಾಮಿಯಾನ ಇಲ್ಲ, ಹಾರ ಹಾಕಿದ ಫೋಟೋ ಇಲ್ಲ. ಕೋದಂಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಲ್ಲಿಗೆ ಪೊಟ್ಟಣ ಹಿಡಿದು ಬೀದಿಯಲ್ಲಿ ನಿಂತಿದ್ದರು.

“ತಾತನ ವೇಷ ನೋಡಿದ್ಯಾ?” ಎಂದು ಸುಮಿತಾ ಪಿಸುಗುಟ್ಟಿದಳು.

“ಏನೂ ಕೇಳ್ಬೇಡ. ಶುರು ಮಾಡು,” ಎಂದ ಚಲಪತಿ.

ಅವಳು ಕಣ್ಣು ಮುಚ್ಚಿ ಹಾಡಿದಳು.

ಬೀದಿ ದಾಟೋ ನಗುವಿನವಳೆ, ನಿನ್ನ ಮನೆಗೆ ಮಾತೇ ಇಲ್ಲ,
ತಪ್ಪಾಯ್ತೆಂದು ಹೇಳಲು ಬಾರದ ಗಂಡನಿಗೆ ನಿದ್ದೆಯೂ ಇಲ್ಲ,
ಎದ್ದು ಬಾರೆ ನರಸಮ್ಮ, ಎದ್ದು ಬಾರೆ.

ಹಾಡು ಮುಗಿಯಿತು. ಅಳು ಕೇಳಿಸಲಿಲ್ಲ. ಎಲ್ಲೋ ಮೇಲಿಂದ ಒಂದು ಚಪ್ಪಾಳೆ ಕೇಳಿಸಿತು. ಪಕ್ಕದ ಮನೆಯಿಂದ ಇನ್ನೊಂದು. ಸುಮಿತಾ ಕಣ್ಣು ಬಿಡುವಷ್ಟರಲ್ಲಿ ಇಡೀ ಬೀದಿ ಚಪ್ಪಾಳೆ ತಟ್ಟುತ್ತಿತ್ತು. ಸಾವಿನ ಹಾಡಿಗೆ ಚಪ್ಪಾಳೆಯೇ? ಅವಳು ಗಾಬರಿಯಿಂದ ಚಲಪತಿಯನ್ನು ನೋಡಿದಳು. ಚಲಪತಿ ಬಾಯಿ ತೆರೆದುಕೊಂಡು ಮಹಡಿಯನ್ನು ನೋಡುತ್ತಿದ್ದ.

ಮೊದಲು ಚಪ್ಪಾಳೆ ತಟ್ಟಿದ್ದ ಹೆಂಗಸು ಮಹಡಿಯ ಕಟ್ಟೆಯಿಂದ ಬಾಗಿ ಕೋದಂಡಪ್ಪನವರಿಗೆ ಹೇಳಿದಳು: “ನಾನು ಮನೇಗ್ ಬರೋದು ಆಮೇಲ್ ನೋಡೋಣ, ಮೊದ್ಲು ಆ ಉಡುಗಿ ಕೈಲಿ ನನ್ ಪದ ಇನ್ನೊಂದ್ಸಾರಿ ಯೋಳ್ಸು.”