ಮೂರನೆಯ ಏಟು

ಢಣ್, ಢಣ್. ಮಧ್ಯಾಹ್ನದ ರೈಲಿಗೆ ಎರಡು ಏಟು. ಹಿಂದೆಯೇ ಮೆತ್ತಗೆ ಇನ್ನೊಂದು: ಟಿಣ್. ನಿನ್ನೆಯಷ್ಟೇ ನಿವೃತ್ತನಾಗಿ, ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಕಾಲು ಚಾಚಿ ಕೂತಿದ್ದ ಗಂಟೆಯವನ ಮೈಯೆಲ್ಲ ಉರಿದುಹೋಯಿತು.

ಸ್ಟೇಷನ್ ತೆರೆದ ದಿನದಿಂದ ಗಂಟೆಯಾಗಿ ತೂಗುತ್ತಿರುವ ಆ ರೈಲು ಕಂಬಿಯ ತುಂಡಿಗೆ ಎರಡೇ ಏಟು ಎಂಬುದು ನಿಯಮ. ಮೂರನೆಯದನ್ನು ಸೇರಿಸಿದವನು ಇವನೇ, ಮೂವತ್ತು ವರ್ಷದ ಹಿಂದೆ, ರೈಲು ಕಳಿಸಿ ಊಟಕ್ಕೆ ಬರ್ತೀನಿ ಎಂದು ಹೊಸ ಹೆಂಡತಿಗೆ ತಿಳಿಸಲು. ವಾರವಿಡೀ ಪಕ್ಕದಲ್ಲಿ ನಿಂತು ಕೆಲಸ ಕಲಿತ ಹೊಸಬ ಅದನ್ನೂ ನಿಯಮವೆಂದೇ ಕಲಿತುಬಿಟ್ಟಿದ್ದ.

“ಮುಟ್ಠಾಳ! ಅದು ರೈಲಿಗಲ್ಲ ಕಣೋ,” ಎಂದು ಅವನು ಹಲ್ಲು ಕಡಿದ.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವನನ್ನು ದಾಟಿಕೊಂಡೇ ಹೋಗಿ, ಬಾಗಿಲಲ್ಲಿ ಕೂದಲು ತೀಡಿಕೊಂಡು, ಸ್ಟೇಷನ್ನಿನ ದಾರಿ ನೋಡುತ್ತಾ ನಿಂತಳು. ಮುಖದ ತುಂಬ ನಗು. ಆ ನಗುವನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಅವನು ಮನೆ ಸೇರುವಷ್ಟರಲ್ಲಿ ಅವಳು ಒಳಗೆ ತಟ್ಟೆ ಇಡುತ್ತಿರುತ್ತಿದ್ದಳು.

“ಯಾರನ್ನೇ ಕಾಯ್ತಿದ್ದೀಯ?” ಅವನ ದನಿ ಒರಟಾಗಿತ್ತು.

“ನಿಮ್ಮನ್ನೇ ಕಣ್ರೀ,” ಎಂದಳು, ತಿರುಗಿಯೂ ನೋಡದೆ.